ಬೆಂಚಿನ ಮೇಲೆ ನಿಂತ ಮೋಟಾರು

ಬೆಂಚಿಗೂ ನನಗೂ ನಲವತ್ತು ವರ್ಷಗಳ ಸಂಬಂಧ. ಮೊದಲು ಅದರ ಮೇಲೆ ಕುಳಿತೆ. ಲೆಕ್ಕ ತಪ್ಪಿದ ದಿನಗಳಲ್ಲಿ ಅದರ ಮೇಲೆ ನಿಂತೆ. ಈಗ ಇಪ್ಪತ್ತು ವರ್ಷಗಳಿಂದ ಅದರ ಎದುರಿಗೆ ನಿಂತು, ಹಳಗನ್ನಡ ವ್ಯಾಕರಣವನ್ನು ಹೇಳುತ್ತ, ಕಡೆಯ ಸಾಲಿನವರು ಕಿಟಕಿಯಾಚೆ ಏನನ್ನು ನೋಡುತ್ತಿದ್ದಾರೆಂದು ಊಹಿಸುತ್ತ ಹೊಟ್ಟೆ ಹೊರೆಯುತ್ತಿದ್ದೇನೆ. ಬೆಂಚಿನ ವಿಷಯದಲ್ಲಿ ನಾನು ತಿಳಿಯಬೇಕಾದದ್ದು ಇನ್ನೇನೂ ಉಳಿದಿಲ್ಲವೆಂದೇ ಭಾವಿಸಿದ್ದೆ. ಹೋದ ಮಳೆಗಾಲದ ಒಂದು ಭಾನುವಾರ, ನಮ್ಮ ಬಡಾವಣೆಯ ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ, ಆ ಭಾವನೆ ಸುಳ್ಳಾಯಿತು.

ಅಂಗಡಿಯ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಬೆಂಗಳೂರಿನಲ್ಲಿ ಹಳೆಯ ಗಾಡಿಗಳ ವಿದ್ಯುತ್ತಿನ ಕಾಯಿಲೆಗಳನ್ನು ಬಲ್ಲವರು ಈಗ ಕೆಲವರೇ, ಅವರಲ್ಲಿ ಇವರೊಬ್ಬರು. ಅವರು ಕೆಲಸ ಮಾಡುವುದು ಒಂದು ಶಾಲೆಯ ಬೆಂಚಿನ ಮೇಲೆ. ಮುಚ್ಚಿಹೋದ ಯಾವುದೋ ಶಾಲೆಯ ಹರಾಜಿನಲ್ಲಿ ಕೊಂಡದ್ದಂತೆ. ಅದರ ಹಲಗೆಯ ಮೇಲೆ ಹುಡುಗರು ಕೈವಾರದ ಮೊನೆಯಿಂದ ಕೆತ್ತಿದ ಹೆಸರುಗಳು ಎಣ್ಣೆ ಕುಡಿದು ಕಪ್ಪಾಗಿವೆ. ಅದರ ಒಂದು ತುದಿಗೆ ಕಬ್ಬಿಣದ ವೈಸನ್ನು ಬಿಗಿದಿದ್ದಾರೆ. ನಾನು ಚೀಲದಿಂದ ಒಂದು ಹಳೆಯ ಮೋಟಾರನ್ನು ತೆಗೆದು ಅವರ ಮುಂದಿಟ್ಟಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಬೆಂಚಿನ ಮೇಲಿಟ್ಟು ನೋಡೋಣ ಮೇಷ್ಟ್ರೇ” ಎಂದರು.

ತಪ್ಪು ಮಾಡಿದವನನ್ನು ಬೆಂಚಿನ ಮೇಲೆ ನಿಲ್ಲಿಸುವ ಪದ್ಧತಿ ನನಗೆ ಗೊತ್ತಿತ್ತು. ಯಂತ್ರಗಳನ್ನೂ ನಿಲ್ಲಿಸುತ್ತಾರೆಂದು ಗೊತ್ತಿರಲಿಲ್ಲ. ಕಾರಿನಿಂದ ಮೋಟಾರನ್ನು ಬಿಚ್ಚಿ ತಂದು, ಕಾರಿನ ತಂತಿ, ಸ್ವಿಚ್ಚು, ಕಡ್ಡಿ ಇವುಗಳ ನೆರವೂ ಇಲ್ಲದಂತೆ, ನೆಪವೂ ಇಲ್ಲದಂತೆ, ಒಂಟಿಯಾಗಿ ಬೆಂಚಿಗೆ ಬಿಗಿದು, ಬ್ಯಾಟರಿಯಿಂದ ನೇರವಾಗಿ ಕರೆಂಟು ಕೊಟ್ಟು, ಅದು ಏನು ಮಾಡುತ್ತದೆಂದು ನೋಡುವುದು. ತಪ್ಪು ಮೋಟಾರಿನದೋ, ಅದರ ಸುತ್ತಲಿನವರದೋ ಆಗ ತಿಳಿಯುತ್ತದೆ. ಮನುಷ್ಯರ ವಿಷಯದಲ್ಲಿ ಇಂಥ ಅನುಕೂಲವಿಲ್ಲ.

ಮೋಟಾರು ಯಾವುದೆಂದು ಹೇಳಲಿಲ್ಲ. ಕಾರಿನ ಮುಂದಿನ ಗಾಜಿನ ಮೇಲೆ ಬಿದ್ದ ಮಳೆನೀರನ್ನು ಒರಸುವ ಎರಡು ಕಡ್ಡಿಗಳುಂಟಷ್ಟೆ. ಅವನ್ನು ಆಡಿಸುವ ಮೋಟಾರು. ಇಂಗ್ಲಿಷಿನವರು ವೈಪರ್ ಎನ್ನುತ್ತಾರೆ. ಪಾರಿಭಾಷಿಕ ಪದಗಳ ಸಮಿತಿಯೊಂದಕ್ಕೆ ಈ ಮಾತನ್ನು ಒಪ್ಪಿಸಿದರೆ ‘ವಾಯುರೋಧಕ ಫಲಕ ಮಾರ್ಜಕ’ ಎಂದು ಕೊಟ್ಟರೂ ಕೊಟ್ಟಾರು. ನಾನೇ ಸದಸ್ಯನಾಗಿದ್ದರೆ ಖಂಡಿತ ಕೊಡುತ್ತಿದ್ದೆ. ನಮ್ಮೂರಿನ ಹುಡುಗರು ಮಾತ್ರ ಅದನ್ನು ‘ಟಾಟಾ ಮಾಡುವ ಕೈ’ ಎನ್ನುತ್ತಿದ್ದರು. ಮಳೆಯಲ್ಲಿ ಕಾರು ಹೊರಟಾಗ ಅದು ಎಡಕ್ಕೂ ಬಲಕ್ಕೂ ಆಡುತ್ತ ಎಲ್ಲರನ್ನೂ ಬೀಳ್ಕೊಡುತ್ತಿತ್ತು.

ಆ ಕಾರು ನಮ್ಮ ಅಪ್ಪಯ್ಯನದು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಮೂಲೆಯಲ್ಲಿ ಅವರು ನಲವತ್ತು ವರ್ಷ ಡಾಕ್ಟರಾಗಿದ್ದರು. ೧೯೬೬ರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದನ್ನು ೧೯೭೯ರಲ್ಲಿ ಯಾರೋ ತೋಟದವರಿಂದ ಕೊಂಡಿದ್ದರು. ಇಂಗ್ಲೆಂಡಿನಲ್ಲಿ ೧೯೫೯ರಲ್ಲಿ ಟ್ರಯಂಫ್ ಎಂಬ ಹೆಸರಿನಿಂದ ಹುಟ್ಟಿದ ಈ ಕಾರಿಗೆ ರೂಪ ಬರೆದವನು ಇಟಲಿಯ ಮಿಖೆಲೊಟ್ಟಿ. ನಮ್ಮ ದೇಶದಲ್ಲಿ ಮದರಾಸಿನವರು ಇದನ್ನು ೧೯೬೧ರಿಂದ ಸ್ಟ್ಯಾಂಡರ್ಡ್ ಎಂಬ ಹೆಸರಿನಲ್ಲಿ ತಯಾರಿಸಿ ಮಾರಿದರು. ಅದರ ಮೂತಿ ಇಡೀ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಆ ಬಾಯಿ ತೆರೆದಾಗ ನಾವು ಮಕ್ಕಳು, ಮೊಸಳೆಯ ಬಾಯಿಗೆ ಇಣುಕುವಂತೆ, ಒಳಗಿನ ಎಂಜಿನ್ನನ್ನು ನೋಡುತ್ತಿದ್ದೆವು. ಅದಕ್ಕೆ ಅದರದೇ ಆದ ಅಭ್ಯಾಸಗಳಿದ್ದವು. ಎಡಗಡೆಯ ಬಾಗಿಲನ್ನು ಮೇಲಕ್ಕೆತ್ತಿ ಮುಚ್ಚಬೇಕು. ಹಾರನ್ನು ತಿರುವಿನಲ್ಲಿ ಮಾತ್ರ ಕೂಗುವುದು. ಒರಸುವ ಕಡ್ಡಿ ಕೆಲವು ಸಲ ನಡುದಾರಿಯಲ್ಲಿ ನಿಂತರೆ ಅಪ್ಪಯ್ಯ ಮುಂದಿನ ಹಲಗೆಗೆ ಅಂಗೈಯಿಂದ ಒಂದು ಏಟು ಹಾಕುವರು. ಅದು ಮತ್ತೆ ಹೊರಡುವುದು. ಹಿಂದೆ ಕುಳಿತ ನಾವು ನಗುವೆವು.

ಈಗ ಆ ಕಾರಿಗೆ ಮರ್ಯಾದೆ ಬಂದಿದೆ. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸಲು ಕೇಂದ್ರ ಸರಕಾರ ೨೦೨೧ರಲ್ಲಿ ನಿಯಮ ಮಾಡಿತು. ಅಂಥ ಗಾಡಿಗೆ ವಿ.ಎ. ಎಂಬ ಅಕ್ಷರಗಳುಳ್ಳ ಸಂಖ್ಯಾಫಲಕ. ಆದರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಇಂಗ್ಲೆಂಡಿನ ಮಡಿವಂತರು ೧೯೩೦ರ ಈಚಿನದನ್ನು ವಿಂಟೇಜ್ ಎಂದು ಒಪ್ಪುವುದಿಲ್ಲವಂತೆ. ನಮ್ಮಲ್ಲಿ ಐವತ್ತು ತುಂಬಿದರೆ ಸಾಕು. ಇನ್ನು ಕೆಲವೇ ವರ್ಷಗಳಲ್ಲಿ ನಾನೂ ಅರ್ಜಿ ಹಾಕಬಹುದು.

ಊರಿನಲ್ಲಿ ತೋಟ ನೋಡಿಕೊಂಡಿರುವ ನಮ್ಮಣ್ಣ ಈ ನಿಯಮದ ಸುದ್ದಿ ಓದಿ, ಕೊಟ್ಟಿಗೆಯ ಪಕ್ಕದಲ್ಲಿ ಅಡಕೆಯ ಹಾಳೆಗಳ ನಡುವೆ ನಿಂತಿದ್ದ ಹೆರಾಲ್ಡನ್ನು ಎಬ್ಬಿಸಲು ಹೊರಟ. ಎಂಜಿನ್ನು ಎದ್ದಿತು, ದೀಪ ಹತ್ತಿತು. ಒರಸುವ ಕಡ್ಡಿ ಏಳಲಿಲ್ಲ. ಕಾರಿನಲ್ಲಿದ್ದ ಮೋಟಾರು ಸುಟ್ಟುಹೋಗಿತ್ತು. ಆಗ ಅಣ್ಣನಿಗೆ ಅಟ್ಟದ ಮೇಲಿನ ಇನ್ನೊಂದು ಮೋಟಾರಿನ ನೆನಪಾಯಿತು. ನನಗೆ ಫೋನು ಮಾಡಿ, “ಹಳೇದೊಂದು ಅಟ್ಟದಲ್ಲಿದೆ ಮಾರಾಯ, ಬೆಂಗ್ಳೂರಲ್ಲಿ ತೋರ್ಸ್ತ್ಯಾ?” ಎಂದ. ಹಾಗೆ ಅದು ರಾತ್ರಿಯ ಬಸ್ಸಿನಲ್ಲಿ, ಹಪ್ಪಳದ ಡಬ್ಬ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆ, ನಮ್ಮ ಮನೆಗೆ ಬಂತು.

ಅದನ್ನು ಸುತ್ತಿದ್ದ ಹಳದಿ ಬಣ್ಣಕ್ಕೆ ತಿರುಗಿದ ಕನ್ನಡ ಪತ್ರಿಕೆಯನ್ನು ಬಿಡಿಸಿದಾಗ ಅದರ ಮೇಲಿನ ತಾರೀಖು ಕಣ್ಣಿಗೆ ಬಿತ್ತು. ೧೯೮೮ನೇ ಇಸವಿ, ಜುಲೈ. ನಾನು ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ಕುಳಿತೆ. ಇದು ಆ ರಾತ್ರಿಯ ಮೋಟಾರು.

ಆಗ ನನಗೆ ಹತ್ತು ವರ್ಷ. ಆಗುಂಬೆಯ ಕಡೆಯ ಮಳೆಯನ್ನು ನೋಡದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮೀರಿ ಬೀಳುತ್ತದೆಂದು ಅಂಕೆ ಹೇಳಬಹುದು. ಅದರಿಂದ ಸದ್ದು ಕೇಳಿಸುವುದಿಲ್ಲ. ಮುಸ್ಸಂಜೆಯ ಹೊತ್ತಿಗೆ ಕಂಬಳಿಕೊಪ್ಪೆ ಹಾಕಿಕೊಂಡ ಒಬ್ಬ ಸೈಕಲ್ಲು ತುಳಿದು ಬಂದ. ಎಂಟು ಒಂಬತ್ತು ಮೈಲಿ ಆಚೆಯ ಹಳ್ಳಿಯಲ್ಲಿ, ಗದ್ದೆಯಲ್ಲಿ ಸಸಿ ಕೀಳುತ್ತಿದ್ದ ಅವನ ತಮ್ಮನಿಗೆ ನಾಗರಹಾವು ಕಚ್ಚಿತ್ತು. ಅಪ್ಪಯ್ಯ ಔಷಧದ ಪೆಟ್ಟಿಗೆ ಹಿಡಿದು ಹೊರಟರು. ದಾರಿಯ ಉಣುಗೋಲುಗಳನ್ನು ಸರಿಸಲು ಯಾವಾಗಲೂ ನನ್ನನ್ನು ಕರೆದೊಯ್ಯುತ್ತಿದ್ದಂತೆ ಅಂದೂ ಕರೆದೊಯ್ದರು. ಸೈಕಲ್ಲಿನವನು ಹಿಂದೆ ಕುಳಿತ.

ಮೂರು ಮೈಲಿ ಹೋಗುವಷ್ಟರಲ್ಲಿ ಒರಸುವ ಕಡ್ಡಿ ಗಾಜಿನ ನಡುವೆ ನಿಂತಿತು. ಅಪ್ಪಯ್ಯ ಹಲಗೆಗೆ ಏಟು ಹಾಕಿದರು. ಎರಡು ಸಲ, ಮೂರು ಸಲ ಹಾಕಿದರು. ಅದು ಏಳಲಿಲ್ಲ. ಗಾಜಿನಾಚೆ ಬರಿಯ ನೀರು. ದೀಪದ ಬೆಳಕು ಆ ನೀರಿನಲ್ಲೇ ಕರಗಿಹೋಗುತ್ತಿತ್ತು. ಅಪ್ಪಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಹೆಜ್ಜೆ ಹೆಜ್ಜೆಯಾಗಿ ಕಾರನ್ನು ನಡೆಸಿದರು. ಸೈಕಲ್ಲಿನವನು ಇಳಿದು ಲಾಟೀನು ಹಿಡಿದು ಮುಂದೆ ನಡೆದ. ನಾವು ಹೋಗಿ ಮುಟ್ಟಿದಾಗ ಅಂಗಳದಲ್ಲಿ ಜನ ಸುಮ್ಮನೆ ನಿಂತಿದ್ದರು. ಅಪ್ಪಯ್ಯ ಒಳಗೆ ಹೋಗಿ ಸ್ವಲ್ಪ ಹೊತ್ತಿನಲ್ಲೇ ಹೊರಗೆ ಬಂದು ಜಗಲಿಯ ಮೇಲೆ ಕುಳಿತರು. ಔಷಧದ ಪೆಟ್ಟಿಗೆಯನ್ನು ತೆರೆದೇ ಇರಲಿಲ್ಲ.

ಈ ಮಾತನ್ನು ನಾನು ನನ್ನ ಹೆಂಡತಿಗೂ ಹೇಳಿದವನಲ್ಲ. ಕಾರಣವಿಷ್ಟೆ. ಆ ದಿನ ಬೆಳಿಗ್ಗೆ, ಶಾಲೆಗೆ ಮಳೆಯ ರಜೆಯಿದ್ದುದರಿಂದ, ನಾನು ಕಾರಿನ ಹತ್ತಿರ ಆಡುತ್ತ, ಟಾಟಾ ಮಾಡುವ ಕೈ ಮೋಟಾರಿಲ್ಲದೆ ಟಾಟಾ ಮಾಡುವುದೇ ಎಂದು ನೋಡಲು ಅದನ್ನು ಹಿಡಿದು ಎಳೆದಿದ್ದೆ. ಅದು ಬರಲಿಲ್ಲ. ಎರಡು ಕೈಯಿಂದ ಜಗ್ಗಿದೆ. ‘ಕಟ್’ ಎಂದು ಒಂದು ಸದ್ದಾಯಿತು. ನಾನು ಓಡಿಹೋದೆ. ಆ ಸದ್ದು ರಾತ್ರಿ ಕಾರಿನಲ್ಲಿ ಅಪ್ಪಯ್ಯ ಹಲಗೆಗೆ ಹಾಕಿದ ಪ್ರತಿ ಏಟಿನಲ್ಲೂ ನನಗೆ ಕೇಳಿಸುತ್ತಿತ್ತು. ವಾರದೊಳಗೆ ಅಪ್ಪಯ್ಯ ಶಿವಮೊಗ್ಗದಿಂದ ಬೇರೆ ಮೋಟಾರನ್ನು ತಂದು ಹಾಕಿಸಿದರು. ಹಳೆಯದನ್ನು ಕಾಗದದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಯಾರನ್ನೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಕೇಳದೆ ಇದ್ದುದರಿಂದ ಹೇಳುವ ದಿನವೇ ಬರಲಿಲ್ಲ.

ಆದ್ದರಿಂದ ಮೇಸ್ತ್ರಿಯ ಬೆಂಚಿನ ಮೇಲೆ ಅಂದು ನಿಂತದ್ದು ಮೋಟಾರು ಮಾತ್ರವಲ್ಲ.

ವೈಸಿನ ದವಡೆಗಳಿಗೆ ಮರದ ತುಂಡುಗಳನ್ನು ಕೊಟ್ಟು ಮೇಸ್ತ್ರಿ ಮೋಟಾರನ್ನು ಬಿಗಿದರು. ಸಡಿಲವಾಗಿ ಬಿಟ್ಟರೆ ಕರೆಂಟು ಮುಟ್ಟಿದೊಡನೆ ಅದು ಜಿಗಿಯುತ್ತದಂತೆ. ನಾನು ಮೇಲಿನ ಮುಚ್ಚಳವನ್ನು ಬಿಚ್ಚಿ ಹಲ್ಲುಗಳನ್ನು ನೋಡಬಾರದೇಕೆ ಎಂದೆ. ನನಗೆ ನೋಡಬೇಕಾಗಿದ್ದುದು ಅದೊಂದೇ.

“ಈಗ್ಲೇ ಬಿಚ್ಚಬಾರ್ದು ಮೇಷ್ಟ್ರೇ. ಮೊದ್ಲು ಹೆಂಗಿದೆಯೋ ಹಂಗೇ ಕರೆಂಟು ಕೊಟ್ಟು ನೋಡ್ಬೇಕು. ಬಿಚ್ಚಿದ್ಮೇಲೆ, ಮೊದ್ಲೇ ಕೆಟ್ಟಿದ್ದು ಯಾವ್ದು, ನಾವು ಕೆಡಿಸಿದ್ದು ಯಾವ್ದು ಗೊತ್ತಾಗಲ್ಲ” ಎಂದರು.

ನಾನು ಸುಮ್ಮನಾದೆ. ಓಲೆಗರಿಯ ಪ್ರತಿಯಲ್ಲಿ ಇರುವ ಪಾಠವನ್ನು ಇದ್ದಂತೆಯೇ ಮೊದಲು ಬರೆದುಕೊಳ್ಳಬೇಕು, ತಿದ್ದುವುದು ಆಮೇಲೆ ಎಂದು ಗ್ರಂಥಸಂಪಾದನೆಯ ತರಗತಿಯಲ್ಲಿ ನಾನು ಪ್ರತಿ ವರ್ಷ ಹೇಳುತ್ತೇನೆ. ಅದೇ ಪಾಠವನ್ನು ಅಂದು ಗ್ರೀಸು ಮೆತ್ತಿದ ಕೈಯವರೊಬ್ಬರು ನನಗೆ ಹೇಳಿದರು.

ಆಮೇಲೆ ಅವರು ಆ ಯಂತ್ರದ ವಿಚಾರವನ್ನು ತಿಳಿಸಿದರು. ಮೋಟಾರು ಒಂದೇ ದಿಕ್ಕಿಗೆ ಗಿರ್ರನೆ ತಿರುಗುತ್ತದೆ. ಅದರ ಅಚ್ಚಿನ ತುದಿಯಲ್ಲಿ ತಿರುಪಿನ ಮೊಳೆಯಂಥ ಹಲ್ಲು. ಅದು ಒಂದು ಚಕ್ರವನ್ನು ನಿಧಾನವಾಗಿ ತಿರುಗಿಸುತ್ತದೆ. ಚಕ್ರದ ಅಂಚಿನ ಗೂಟಕ್ಕೆ ಒಂದು ತೋಳು. ಚಕ್ರ ಸುತ್ತಿದಂತೆಲ್ಲ ತೋಳು ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಆ ತೋಳು, ಸುರುಳಿ ಸುತ್ತಿದ ಉಕ್ಕಿನ ಹಗ್ಗವೊಂದನ್ನು ಕೊಳವೆಯೊಳಗೆ ನೂಕಿ ಎಳೆದು, ಗಾಜಿನ ಕೆಳಗಿನ ಎರಡು ಸಣ್ಣ ಗಾಲಿಗಳನ್ನು ಅತ್ತಿತ್ತ ಆಡಿಸುತ್ತದೆ. ಕಡ್ಡಿಗಳು ನಿಂತಿರುವುದು ಆ ಗಾಲಿಗಳ ಅಚ್ಚಿನ ಮೇಲೆ. ತಿರುಪು ಚಕ್ರವನ್ನು ತಿರುಗಿಸಬಲ್ಲುದು. ಚಕ್ರ ತಿರುಪನ್ನು ತಿರುಗಿಸಲಾರದು. ಆದ್ದರಿಂದ ಕಡ್ಡಿಯನ್ನು ಕೈಯಿಂದ ಎಳೆದರೆ ಅದು ಬರುವುದಿಲ್ಲ.

“ಬಲವಾಗಿ ಎಳೆದರೆ?” ಎಂದೆ.

“ಎಳೀಬಾರ್ದು” ಎಂದಷ್ಟೇ ಹೇಳಿ ಅವರು ತಂತಿ ಹುಡುಕತೊಡಗಿದರು.

ಮೋಟಾರಿಗೆ ಮೂರು ಕೊನೆಗಳು. ಒಂದಕ್ಕೆ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಒಂದು ತಂತಿ. ಆ ದಾರಿಯ ನಡುವೆ ಹತ್ತು ಆಂಪಿಯರಿನ ಒಂದು ಫ್ಯೂಸು, ಮುಳ್ಳಿರುವ ಒಂದು ಹಳೆಯ ಆಂಪಿಯರ್ ಮೀಟರು. ಇನ್ನೆರಡು ಕೊನೆಗಳಿಂದ ಬ್ಯಾಟರಿಯ ಮತ್ತೊಂದು ತುದಿಗೆ ಎರಡು ತಂತಿ. ಅವುಗಳಲ್ಲೊಂದು ಸ್ವಿಚ್ಚಿನ ದಾರಿ. ಇನ್ನೊಂದು ಯಾವ ದಾರಿಯೆಂದು ಕೇಳಿದ್ದಕ್ಕೆ, “ಅದು ಆಮೇಲೆ ಗೊತ್ತಾಗುತ್ತೆ” ಎಂದರು. ಬಳಿಕ ಮೀಟರಿನ ಗಾಜಿನ ಮೇಲೆ ಬೆರಳಿಟ್ಟು ತೀರ್ಪಿನ ಕ್ರಮವನ್ನು ಓದಿದರು.

“ಎಲ್ಲಾ ಸರಿಯಿದ್ರೆ ಮುಳ್ಳು ಮೂರರ ಹತ್ರ ನಿಲ್ಲುತ್ತೆ. ಹಲ್ಲು ಮುರಿದು ಸಿಕ್ಕಾಕ್ಕೊಂಡಿದ್ರೆ ಹತ್ತು ದಾಟಿ ಫ್ಯೂಸು ಹಾರುತ್ತೆ. ಹಲ್ಲು ಪೂರಾ ಬೋಳಾಗಿದ್ರೆ ಮೋಟಾರು ಒಳಗೇ ತಿರುಗುತ್ತೆ, ತೋಳು ಆಡಲ್ಲ.”

“ಇನ್ನು ಬೇರೆ ಏನಾದರೂ ಆಗಿದ್ದರೆ?”

“ಕಾರ್ಬನ್ನು ಹೋಗಿದ್ರೆ ಒಂದೂವರೆ ಹತ್ರ ಬಂದು ಸುಮ್ನೆ ನಿಲ್ಲುತ್ತೆ. ಇದರಲ್ಲಿ ಕಾಂತ ಅಂತ ಬೇರೆ ಕಲ್ಲಿಲ್ಲ, ತಂತಿ ಸುತ್ತಿ ಮಾಡಿದ್ದು. ಅದಕ್ಕೆ ಒಂದು ದಾರಿ, ತಿರುಗೋ ಆರ್ಮೆಚರಿಗೆ ಒಂದು ದಾರಿ. ಕಾರ್ಬನ್ನು ಮುಟ್ಟದೆ ಹೋದ್ರೆ ಆರ್ಮೆಚರಿಗೆ ಕರೆಂಟಿಲ್ಲ. ಕಾಂತ ಮಾತ್ರ ಕುಡೀತಾ ಕೂತಿರುತ್ತೆ.”

ಹತ್ತು ದಾಟಿದರೆ ತಪ್ಪು ನನ್ನದು. ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಹೊತ್ತು ತಿರುಗಿದ ಒಂದು ಮೊಕದ್ದಮೆಯನ್ನು ಒಂದು ಮುಳ್ಳು ಹೀಗೆ ಸುಲಭವಾಗಿ ಇತ್ಯರ್ಥ ಮಾಡಬಹುದೆಂದು ನಾನು ಎಂದೂ ಯೋಚಿಸಿರಲಿಲ್ಲ. ಅಂಗೈ ಬೆವರಿತು. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಹಂಚುವಾಗ ಕೆಲವು ಹುಡುಗರು ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಿ ನಕ್ಕಿದ್ದೇನೆ, ಇನ್ನು ನಗಲಾರೆ.

ಮೇಸ್ತ್ರಿ ತಂತಿ ಮುಟ್ಟಿಸಿದರು. ಮುಳ್ಳು ಎದ್ದಿತು. ಒಂದನ್ನು ದಾಟಿತು. ಒಂದೂವರೆಯ ಹತ್ತಿರ ಬಂದು ನಿಂತಿತು. ಮೋಟಾರು ಮಿಸುಕಲಿಲ್ಲ.

“ಕಾರ್ಬನ್ನು” ಎಂದರು ಮೇಸ್ತ್ರಿ.

ಕೆಲವು ನಿಮಿಷ ಹಾಗೆಯೇ ಬಿಟ್ಟು ನನ್ನ ಕೈಯನ್ನು ಹಿಡಿದು ಮೋಟಾರಿನ ಮೈಮೇಲೆ ಇಟ್ಟರು. ಅದು ಬೆಚ್ಚಗಾಗಿತ್ತು. ಜೀವವಿದೆ, ಚಲನೆಯಿಲ್ಲ. ಬಳಿಕ ಬಿಚ್ಚಿದರು. ಮೊದಲು ಹಲ್ಲಿನ ಪೆಟ್ಟಿಗೆಯನ್ನೇ ಬಿಚ್ಚಿಸಿದೆ. ಒಳಗಿನ ಗ್ರೀಸು ಹಳೆಯ ಬೆಲ್ಲದಂತೆ ಗಟ್ಟಿಯಾಗಿತ್ತು. ಅದನ್ನು ಕೆರೆದು, ಸೀಮೆಯೆಣ್ಣೆಯಲ್ಲಿ ತೊಳೆದ ಮೇಲೆ ಚಕ್ರದ ಹಲ್ಲುಗಳು ಒಂದೊಂದಾಗಿ ಕಾಣಿಸಿಕೊಂಡವು. ನಾನು ಕನ್ನಡಕ ಒರಸಿಕೊಂಡು, ಚಕ್ರವನ್ನು ಬೆಳಕಿಗೆ ಹಿಡಿದು ಸುತ್ತಲೂ ಎಣಿಸಿದೆ. ಒಂದು ಹಲ್ಲೂ ಮುರಿದಿರಲಿಲ್ಲ. ಒಂದಕ್ಕೂ ಬಿರುಕಿರಲಿಲ್ಲ.

ಆಗ ಧೈರ್ಯ ಮಾಡಿ, ಒಬ್ಬ ಹುಡುಗ ಕಡ್ಡಿಯನ್ನು ಎರಡು ಕೈಯಿಂದ ಜಗ್ಗಿದಾಗ ‘ಕಟ್’ ಎಂದು ಸದ್ದಾದರೆ ಏನು ಮುರಿದಿರಬಹುದು ಎಂದು ಕೇಳಿದೆ. ಹುಡುಗ ಯಾರೆಂದು ಹೇಳಲಿಲ್ಲ. ಮೇಸ್ತ್ರಿ ತಲೆಯೆತ್ತದೆ, “ಕಡ್ಡಿ ಕೂತಿರೋ ಅಚ್ಚಿಗೆ ಸಣ್ಣ ಸಣ್ಣ ಗೀರಿರುತ್ತೆ ಸಾರ್. ಜಗ್ಗಿದ್ರೆ ಕಡ್ಡಿ ಒಂದು ಗೀರು ಜಾರುತ್ತೆ, ಅಷ್ಟೆ. ತಿರುಗಿ ಕೂರಿಸಿದ್ರೆ ಆಯ್ತು” ಎಂದರು.

ಒಂದು ಗೀರು! ಅಷ್ಟರ ಮೇಲೆ ನಾನು ಎಷ್ಟು ಕಟ್ಟಿದ್ದೆ!

ಮೇಸ್ತ್ರಿ ಇನ್ನೊಂದು ತುದಿಯನ್ನು ಬಿಚ್ಚಿದರು. ಕಾರ್ಬನ್ನುಗಳೆಂದರೆ ತಿರುಗುವ ಆರ್ಮೆಚರಿನ ತಾಮ್ರದ ಪಟ್ಟಿಗಳಿಗೆ ಒರಗಿಕೊಂಡು ಕರೆಂಟನ್ನು ದಾಟಿಸುವ ಎರಡು ಪುಟ್ಟ ಇದ್ದಿಲ ತುಂಡುಗಳು. ಸ್ಪ್ರಿಂಗು ಅವನ್ನು ಒತ್ತಿ ಹಿಡಿದಿರುತ್ತದೆ. ಉಜ್ಜಿ ಉಜ್ಜಿ ಸವೆಯುವುದೇ ಅವುಗಳ ಕೆಲಸ. ಒಂದು ತುಂಡು ಅರ್ಧ ಉಳಿದಿತ್ತು. ಇನ್ನೊಂದು ಉಗುರಿನಷ್ಟೂ ಇರಲಿಲ್ಲ. ಸ್ಪ್ರಿಂಗಿಗೆ ಒತ್ತಲು ಏನೂ ಉಳಿದಿರಲಿಲ್ಲ.

“ಇದು ಒಂದು ದಿನದಲ್ಲಿ ಆಗಿದ್ದಲ್ಲ. ಒಂದು ತಿಂಗಳಾದ್ರೂ ತೊಂದರೆ ಕೊಟ್ಟಿರುತ್ತೆ. ನಿಧಾನ ಆಗೋದು, ನಿಲ್ಲೋದು, ತಟ್ಟಿದ್ರೆ ಹೋಗೋದು. ತಟ್ಟಿದಾಗ ಕಾರ್ಬನ್ನು ಅಲ್ಲಾಡಿ ಸ್ವಲ್ಪ ಮುಟ್ಟುತ್ತೆ, ನೋಡಿ” ಎಂದರು.

ಅಪ್ಪಯ್ಯನ ಅಂಗೈಯ ಏಟು ನನಗೆ ನೆನಪಾಯಿತು. ಹಿಂದಿನ ಸೀಟಿನಲ್ಲಿ ನಾವು ನಕ್ಕಿದ್ದೂ ನೆನಪಾಯಿತು. ನನ್ನ ಎದೆಯ ಮೇಲಿನ ಕಲ್ಲು ಇಳಿದ ಗಳಿಗೆಯಲ್ಲೇ ಅದು ಎಲ್ಲಿಗೆ ಹೋಗಿ ಕುಳಿತಿತೆಂಬುದು ಗೊತ್ತಾಯಿತು. ನನ್ನನ್ನು ಬಿಡುಗಡೆ ಮಾಡಿದ ಮುಳ್ಳು ಎಂಬತ್ತನಾಲ್ಕು ವರ್ಷದ ಒಬ್ಬ ಡಾಕ್ಟರನ್ನು ತೋರಿಸುತ್ತಿತ್ತು.

ಹೊಸ ಕಾರ್ಬನ್ನು ಅದೇ ಅಳತೆಯದು ಸಿಗಲಿಲ್ಲ. ಬೇರೆ ಮೋಟಾರಿನದನ್ನು ತಂದು ಮೇಸ್ತ್ರಿ ಅರದಿಂದ ಉಜ್ಜಿ ಹೊಂದಿಸಿದರು. ತಾಮ್ರದ ಪಟ್ಟಿಗಳನ್ನು ಪೆಟ್ರೋಲಿನ ಬಟ್ಟೆಯಿಂದ ಹೊಳೆಯುವಂತೆ ಒರಸಿದರು. ಆ ಹೊತ್ತಿನಲ್ಲಿ ನಾನು ಬೆಂಚಿನ ತುದಿಯಲ್ಲಿ ಕುಳಿತು, ಈ ಕಡ್ಡಿಯನ್ನು ಮೊದಲು ಯೋಚಿಸಿದ ಹೆಂಗಸಿನ ಸಂಗತಿಯನ್ನು ಅವರಿಗೆ ಹೇಳಿದೆ. ಮೇಷ್ಟ್ರುಗಳಿಗೆ ಮನಸ್ಸು ಕಲಕಿದಾಗ ಪಾಠ ಹೇಳುವುದೊಂದೇ ಗೊತ್ತು. ಅಮೆರಿಕದ ಅಲಬಾಮಾದಲ್ಲಿದ್ದ ಮೇರಿ ಆಂಡರ್ಸನ್ ಎಂಬಾಕೆ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮದ ಮಳೆಯಲ್ಲಿ ಟ್ರಾಮಿನ ಚಾಲಕ ಚಳಿಗೆ ನಡುಗುತ್ತ ಮುಂದಿನ ಕಿಟಕಿಯನ್ನು ತೆರೆದಿಟ್ಟುಕೊಂಡೇ ಗಾಡಿ ನಡೆಸುವುದನ್ನು ಕಂಡಳು. ಊರಿಗೆ ಮರಳಿ, ಒಳಗಿನಿಂದ ಸನ್ನೆಗೋಲಿನಿಂದ ಆಡಿಸುವ ಒರಸುಗಡ್ಡಿಯನ್ನು ರೂಪಿಸಿ ೧೯೦೩ರಲ್ಲಿ ಹಕ್ಕುಪತ್ರ ಪಡೆದಳು. ಕೊಳ್ಳುವವರು ಸಿಗ‌ಲಿಲ್ಲ. ಹಕ್ಕಿನ ಹದಿನೇಳು ವರ್ಷದ ಅವಧಿ ತೀರಿತು. ಆಮೇಲೆ ಕಾರುಗಳಿಗೆಲ್ಲ ಕಡ್ಡಿ ಬಂತು. ಆಕೆಗೆ ಒಂದು ಕಾಸೂ ಬರಲಿಲ್ಲ. ಎಂಜಿನ್ನಿನ ಉಸಿರೆಳೆತದಿಂದಲೇ ಕಡ್ಡಿಯನ್ನು ಆಡಿಸುವ ಏರ್ಪಾಡು ಬಹಳ ಕಾಲ ನಡೆಯಿತು. ಗಾಡಿ ಏರು ಹತ್ತುವಾಗ, ಅಂದರೆ ಬೇಕೇ ಬೇಕಾದಾಗ, ಅದು ಸೋತು ನಿಲ್ಲುತ್ತಿತ್ತು. ಅದರ ಜಾಗಕ್ಕೆ ವಿದ್ಯುತ್ತಿನ ಮೋಟಾರು ಬಂತು.

“ಅದೂ ನಿಲ್ಲುತ್ತೆ. ನೋಡ್ಕೊಳ್ದೆ ಹೋದ್ರೆ ಎಲ್ಲಾ ನಿಲ್ಲುತ್ತೆ” ಎಂದು ಮೇಸ್ತ್ರಿ ಮುಚ್ಚಳ ಬಿಗಿದರು.

ಎರಡನೆಯ ಸಲ ತಂತಿ ಮುಟ್ಟಿಸಿದಾಗ ಮುಳ್ಳು ಒಮ್ಮೆ ಮೇಲಕ್ಕೆ ಹಾರಿ ಇಳಿದು ಮೂರರ ಬಳಿ ನೆಲೆನಿಂತಿತು. ವೈಸು ಸಣ್ಣಗೆ ನಡುಗಿತು. ತೋಳು ಒಂದು ಸಲ ತಡವರಿಸಿ, ಆಮೇಲೆ ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ ಓಡಾಡತೊಡಗಿತು. ಗಡಿಯಾರ ನೋಡುತ್ತ ಎಣಿಸಿದೆವು. ನಿಮಿಷಕ್ಕೆ ನಲವತ್ತಾರು. ಮೇಸ್ತ್ರಿ ತಲೆಯಾಡಿಸಿದರು, ಅದು ತಕ್ಕ ಲೆಕ್ಕವಂತೆ. ಬೆಂಚಿನ ಮೇಲಿದ್ದ ಮೊಳೆಗಳು ಕುಣಿಯುತ್ತಿದ್ದವು. ಆ ಸದ್ದು ನನಗೆ ಗೊತ್ತಿದ್ದ ಸದ್ದು. ಅದರ ಹಿಂದೆ ಮಳೆಯ ಸದ್ದು ಮಾತ್ರ ಇರಲಿಲ್ಲ.

“ಈಗ ಆ ಮೂರನೇ ತಂತಿ ನೋಡಿ” ಎಂದು ಅವರು ಸ್ವಿಚ್ಚಿನ ದಾರಿಯ ತಂತಿಯನ್ನು ತೆಗೆದರು. ತೋಳು ನಡುದಾರಿಯಲ್ಲಿತ್ತು. ಕರೆಂಟು ಹೋದರೆ ಅಲ್ಲೇ ನಿಲ್ಲಬೇಕಲ್ಲವೇ? ನಿಲ್ಲಲಿಲ್ಲ. ಮುಂದೆ ಸಾಗಿ ಕೊನೆ ಮುಟ್ಟಿ ತಟಕ್ಕನೆ ನಿಂತಿತು. ಮತ್ತೆ ಮಾಡಿ ತೋರಿಸಿದರು; ಮತ್ತೆ ಅದೇ ಕೊನೆಗೆ ಹೋಗಿ ನಿಂತಿತು. ಹಲ್ಲಿನ ಪೆಟ್ಟಿಗೆಯ ಗುಮ್ಮಟದೊಳಗೆ ಇನ್ನೊಂದು ಸಣ್ಣ ಸ್ವಿಚ್ಚು ಇದೆಯಂತೆ. ಹೊರಗಿನವರು ಕರೆಂಟು ತೆಗೆದರೂ ಆ ಮೂರನೆಯ ತಂತಿಯ ದಾರಿಯಾಗಿ ಅದು ಮೋಟಾರನ್ನು ನಡೆಸುತ್ತ, ಕಡ್ಡಿ ತನ್ನ ಮೂಲೆಗೆ ಬಂದು ಮಲಗಿದ ಮೇಲೆಯೇ ಕರೆಂಟನ್ನು ಕಡಿಯುತ್ತದೆ. ಕಡ್ಡಿ ಕಣ್ಣಿಗೆ ಅಡ್ಡವಾಗಿ ನಡುಗಾಜಿನಲ್ಲಿ ನಿಲ್ಲಬಾರದೆಂದು ಮಾಡಿದ ಏರ್ಪಾಡು.

ಕಾರ್ಬನ್ನಿಗೆ ಅರುವತ್ತು ರೂಪಾಯಿ, ಕೂಲಿ ಮುನ್ನೂರು. ಆ ಕಾಲದಲ್ಲಾದರೆ ಎಲ್ಲ ಸೇರಿ ಹತ್ತು ರೂಪಾಯಿಯಲ್ಲಿ ಮುಗಿಯುತ್ತಿತ್ತೇನೋ. ಆ ಲೆಕ್ಕವನ್ನು ಮಾಡಬಾರದಿತ್ತು; ಮನೆಗೆ ಬರುವ ದಾರಿಯಲ್ಲಿ ಅದನ್ನೇ ಮಾಡುತ್ತ ಬಂದೆ.

ಸಂಜೆ ಅಪ್ಪಯ್ಯನಿಗೆ ಫೋನು ಮಾಡಿದೆ. ಏನು ಹೇಳಬೇಕೆಂದು ಮೊದಲೇ ಸಿದ್ಧ ಮಾಡಿಕೊಂಡಿದ್ದೆ. ಮೋಟಾರು ಓಡುತ್ತದೆ ಎಂದೆ. ಸಂತೋಷಪಟ್ಟರು. ಆಮೇಲೆ, “ಎಂತ ಆಗಿತ್ತಂತೆ ಅದಕ್ಕೆ?” ಎಂದು ಕೇಳಿದರು.

“ಗ್ರೀಸು ಕಲ್ಲಾಗಿಬಿಟ್ಟಿತ್ತು ಅಪ್ಪಯ್ಯ” ಎಂದೆ.

ಸುಳ್ಳಲ್ಲ. ಅಶ್ವತ್ಥಾಮನೆಂಬ ಆನೆ ಸತ್ತದ್ದೂ ಸುಳ್ಳಾಗಿರಲಿಲ್ಲ. ಧರ್ಮರಾಯನ ಆ ಪ್ರಸಂಗವನ್ನು ತರಗತಿಯಲ್ಲಿ ಎಷ್ಟೋ ಸಲ ಟೀಕಿಸಿದ ನಾನು ಅಂದು ಅವನ ಪಕ್ಕದಲ್ಲೇ ನಿಂತಿದ್ದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹೆಂಚಿನ ಮೇಲೆ ಮಳೆ ಸುರಿಯುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಬಳಿಕ, “ಕಾರ್ಬನ್ನು ನೋಡ್ದ್ಯಾ?” ಎಂದರು.

ಅಲ್ಲಿಗೆ ನನ್ನ ಸಿದ್ಧತೆ ಮುಗಿಯಿತು. “ನೋಡಿದೆ. ಸವೆದುಹೋಗಿತ್ತು. ಬದಲಾಯಿಸಿದ್ದೇವೆ” ಎಂದೆ.

“ಹೂಂ. ಗೊತ್ತಿತ್ತು ನಂಗೆ. ಬಿಚ್ಚಿಸಿದ್ರೆ ಗೊತ್ತಾಗಿಬಿಡ್ತದೆ ಅಂತ ಬಿಚ್ಚಿಸ್ಲಿಲ್ಲ. ಎಸೆಯೋಕೂ ಆಗ್ಲಿಲ್ಲ. ಹಾಂಗೇ ಕಟ್ಟಿ ಇಟ್ಟೆ. ಆ ತಿಂಗಳು ಎರಡು ಸಲ ಪೇಟೆಗೆ ಹೋಗಿದ್ದೆ ಮಾರಾಯ. ಮುಂದಿನ ಸಲ ಹಾಕಿಸಿದ್ರಾಯ್ತು ಅಂತ ಬಂದೆ.”

ಇನ್ನು ನಾನು ಸುಮ್ಮನಿರುವುದು ಹೇಗೆ? “ಅಪ್ಪಯ್ಯ, ಅವತ್ತು ಬೆಳಿಗ್ಗೆ ಆ ಕಡ್ಡಿಯನ್ನು ಎಳೆದು ಜಗ್ಗಿದವನು ನಾನು. ನನ್ನಿಂದಲೇ ಹೋಯಿತೆಂದು ತಿಳಿದಿದ್ದೆ” ಎಂದೆ.

“ಕಂಡಿದ್ದೆ” ಎಂದರು. “ಜಗಲಿಂದ ಕಂಡಿದ್ದೆ. ಕಡ್ಡಿ ಸೊಟ್ಟ ಆಗಿತ್ತು, ಆಮೇಲೆ ಸರಿ ಕೂರಿಸಿದೆ. ಅದರಿಂದ ಎಂತ ಆಗ್ತದೆ? ಇಷ್ಟು ವರ್ಷ ಅದನ್ನ ಇಟ್ಕೊಂಡಿದ್ಯಾ, ಅಪ್ಪೀ? ಒಂದು ಮಾತು ಕೇಳ್ಬಹುದಿತ್ತಲ್ಲ.”

ಒಂದು ಮಾತು ಆ ಕಡೆಯಿಂದಲೂ ಬರಬಹುದಿತ್ತು. ಅದನ್ನು ನಾನು ಹೇಳಲಿಲ್ಲ, ಅವರಿಗೂ ತೋರಿರಬೇಕು. ಹತ್ತು ನಿಮಿಷ ಮೊದಲು ಮುಟ್ಟಿದ್ದರೆ ಆ ಮನುಷ್ಯ ಉಳಿಯುತ್ತಿದ್ದನೇ ಎಂಬುದನ್ನು ನಾನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಅದನ್ನು ಇಟ್ಟು ನೋಡುವ ಬೆಂಚು ಮೇಸ್ತ್ರಿಯ ಅಂಗಡಿಯಲ್ಲೂ ಇಲ್ಲ. ಅವರ ಮನೆಯವರಿಗೆ ಎಷ್ಟೋ ವರ್ಷ ಅಪ್ಪಯ್ಯ ಔಷಧಕ್ಕೆ ಹಣ ತೆಗೆದುಕೊಳ್ಳುತ್ತಿರಲಿಲ್ಲವೆಂಬುದು ಮಾತ್ರ ನನಗೆ ಈಗ ನೆನಪಾಗುತ್ತದೆ. ಆಗ ಅದಕ್ಕೆ ಬೇರೆ ಅರ್ಥ ಹಚ್ಚಿದ್ದೆ.

ಫೋನಿಡುವ ಮುಂಚೆ ಅವರು, ಡಾಕ್ಟರು ರೋಗಿಯ ಮನೆಯವರನ್ನು ವಿಚಾರಿಸುವ ಧ್ವನಿಯಲ್ಲಿ, ಇನ್ನೊಂದು ಪ್ರಶ್ನೆ ಕೇಳಿದರು.

“ಸ್ವಿಚ್ಚು ತೆಗೆದ ಮೇಲೆ ಮೂಲೆಗೆ ಹೋಗಿ ಮಲಗ್ತದಾ?”

“ಮಲಗುತ್ತದೆ ಅಪ್ಪಯ್ಯ. ಎರಡು ಸಲ ನೋಡಿದೆವು.”

“ಹಾಂಗಾದ್ರೆ ಸರಿಯಾಗಿದೆ. ಶನಿವಾರ ರಜೆ ಇದ್ರೆ ನೀನೇ ತಗಂಡು ಬಾ. ಬಸ್ಸಿಗೆ ಹಾಕ್ಬೇಡ.”

ಶನಿವಾರ ಕಾಲೇಜಿಗೆ ರಜೆಯಿರಲಿಲ್ಲ. ರಜೆ ಹಾಕಿದೆ.